ಗಪ್ಪಿಯ ಬಣ್ಣ ಹೋದರೆ ಅದು ವಿಕಾಸವೇ?

ಪ್ರಶ್ನೆ: ಅಲ್ಬಿನೊ (ಮೈಯಲ್ಲಿ ಕಪ್ಪು ಬಣ್ಣವಿಲ್ಲದ, ಕೆಂಪು ಕಣ್ಣಿನವು), ಗೋಲ್ಡ್, ಕೆಂಪು ಬಾಲದವು ಎಲ್ಲ ಗಪ್ಪಿ ಮೀನುಗಳನ್ನೂ ಒಂದೇ ಟ್ಯಾಂಕಿಗೆ ಬಿಟ್ಟಿದ್ದೆ. ಈಗ ಹುಟ್ಟುವ ಮರಿಗಳೆಲ್ಲ ಬೂದು ಮೈಯವು, ಬಾಲವೂ ಚಿಕ್ಕದು. ಇದು ನೈಸರ್ಗಿಕ ಆಯ್ಕೆ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕು, ಗಪ್ಪಿ ಇನ್ನೂ ಗಪ್ಪಿಯೇ ಅಲ್ವಾ ಅಂತ ಇನ್ನೊಬ್ಬನ ವಾದ. ಮೀನುಗಳು ಗಡಸು ನೀರಿಗೆ ಒಗ್ಗಿಕೊಂಡು ಬದಲಾಗಿವೆ ಅಂತ ನನಗನಿಸುತ್ತದೆ. ಯಾರು ಸರಿ?

ಉತ್ತರ: ಬೇಜಾರು ಮಾಡ್ಕೋಬೇಡಿ, ಮೂರರಲ್ಲಿ ನಿಮ್ಮ ವಾದವೇ ತೀರಾ ಸಡಿಲ. ನೀರು ಬದಲಾದಾಗ ಮೀನಿನ ಕಿವಿರು, ಮೂತ್ರಪಿಂಡಗಳು ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತವೆ, ನಿಜ. ಆದರೆ ಅದು ಆ ಒಂದು ಮೀನಿನ ಮೈಯೊಳಗೆ ನಡೆಯುವ ಕೆಲಸ. ಅಮ್ಮ ಒಗ್ಗಿಕೊಂಡಳು ಅಂತ ಮರಿಯ ಬಣ್ಣ ಬದಲಾಗುವುದಿಲ್ಲ.

ಲಕ್ಷಾಂತರ ವರ್ಷದ ಮಾತು ಗಪ್ಪಿಯ ವಿಷಯದಲ್ಲಂತೂ ನಿಲ್ಲುವುದಿಲ್ಲ. ವಿಕಾಸಕ್ಕೆ ಹೊಸ ಪ್ರಭೇದವೇ ಹುಟ್ಟಬೇಕೆಂದೇನಿಲ್ಲ, ಗುಂಪಿನಲ್ಲಿ ಯಾವ ಜೀನ್ ಎಷ್ಟಿದೆ ಅನ್ನುವುದು ಪೀಳಿಗೆಯಿಂದ ಪೀಳಿಗೆಗೆ ಬದಲಾದರೆ ಸಾಕು. ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಇದನ್ನು ಟ್ರಿನಿಡಾಡ್‌ನ ಅರಿಪೊ ನದಿಯಲ್ಲಿ ಮಾಡಿ ತೋರಿಸಿದರು. ಅಲ್ಲಿ ಕೆಳಗಿನ ಹರಿವಿನಲ್ಲಿ ಗಪ್ಪಿ ತಿನ್ನುವ ದೊಡ್ಡ ಮೀನುಗಳಿವೆ, ಹಾಗಾಗಿ ಗಂಡುಗಳ ಬಣ್ಣ ಮಂಕು, ಯಾಕೆಂದರೆ ಮಿಂಚುವವನು ಬೇಗ ಕಣ್ಣಿಗೆ ಬಿದ್ದು ಹೊಟ್ಟೆ ಸೇರುತ್ತಾನೆ. 1976ರಲ್ಲಿ ಅವರು ಅಲ್ಲಿನ ಗಪ್ಪಿಗಳನ್ನು, ದೊಡ್ಡ ಬೇಟೆಗಾರರೂ ಇಲ್ಲದ, ಮೊದಲು ಗಪ್ಪಿಯೂ ಇಲ್ಲದ ಒಂದು ತೊರೆಗೆ ಬಿಟ್ಟರು. ಸುಮಾರು ಎರಡು ವರ್ಷದ ನಂತರ ನೋಡಿದರೆ ಗಂಡುಗಳ ಮೈಮೇಲೆ ಚುಕ್ಕೆ ಜಾಸ್ತಿ, ದೊಡ್ಡದು, ಬಣ್ಣವೂ ಜಾಸ್ತಿ. ತಿನ್ನುವವರಿಲ್ಲದಾಗ ಹೆಣ್ಣುಗಳ ಆಯ್ಕೆಯೇ ಮೇಲುಗೈ ಆಯಿತು, ಅವು ಸಾಮಾನ್ಯವಾಗಿ ಬಣ್ಣದ ಗಂಡುಗಳನ್ನೇ ಒಲಿಯುತ್ತವೆ.

ಇಲ್ಲೊಂದು ತಕರಾರು ಎತ್ತಬಹುದು: ಒಳ್ಳೆ ಆಹಾರ ಸಿಕ್ಕಿದ್ದರಿಂದ ಹಾಗಾಗಿರಬಾರದೇಕೆ? ಸರಿಯಾದ ತಕರಾರೇ. ಗಪ್ಪಿಯ ಕಿತ್ತಳೆ ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತು ಊಟದಿಂದಲೇ ಬರಬೇಕು. ಅದಕ್ಕೇ ಇಂಥ ಸಂಶೋಧಕರು ತೊರೆಯಲ್ಲಿ ಕಂಡದ್ದನ್ನಷ್ಟೇ ನಂಬುವುದಿಲ್ಲ. ಡೇವಿಡ್ ರೆಜ್ನಿಕ್ ಮತ್ತು ಎಂಡ್ಲರ್ ತಂಡ, ಹೀಗೆ ಜಾಗ ಬದಲಿಸಿದ ಗಪ್ಪಿಗಳ ಸಂತತಿಯನ್ನು ಲ್ಯಾಬಿನಲ್ಲಿ ಒಂದೇ ರೀತಿ ಸಾಕಿ ನೋಡಿತು. ಹೊಸ ತೊರೆಯಲ್ಲಿ ಕಳೆದ ಹನ್ನೊಂದು ವರ್ಷದಲ್ಲಿ ಅವು ತಡವಾಗಿ ಪ್ರಾಯಕ್ಕೆ ಬರುವಂತಾಗಿದ್ದವು, ಮರಿ ಕಡಿಮೆ, ಆದರೆ ದೊಡ್ಡದು. ಲ್ಯಾಬಿನಲ್ಲೂ ಆ ವ್ಯತ್ಯಾಸ ಉಳಿಯಿತು, ಅಂದರೆ ಅದು ಜೀನ್‌ನಲ್ಲೇ ಇತ್ತು.

ಹಾಗಾದರೆ ಮೊದಲ ಗೆಳೆಯ ಗೆದ್ದನಾ? ಇಲ್ಲ. ನೈಸರ್ಗಿಕ ಆಯ್ಕೆ ಬೇಗ ನಡೆಯಬಹುದು ಅನ್ನುವುದು ಬೇರೆ, ನಿಮ್ಮ ಟ್ಯಾಂಕಿನಲ್ಲಿ ನಡೆದದ್ದು ಅದೇ ಅನ್ನುವುದು ಬೇರೆ. ಗೋಲ್ಡ್ ಅಥವಾ ಅಲ್ಬಿನೊ ಮೈಬಣ್ಣದ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುತ್ತದೆ. ಇವೆರಡೂ ಬೇರೆ ಬೇರೆ ಜೀನ್, ಹಾಗಾಗಿ ಗೋಲ್ಡ್‌ಗೆ ಅಲ್ಬಿನೊ ಕೂಡಿದರೆ ಮೊದಲ ಪೀಳಿಗೆ ಪೂರ್ತಿ ಬೂದು! ಯಾರೂ ಸತ್ತಿಲ್ಲ, ಯಾವ ಜೀನೂ ಕಳೆದಿಲ್ಲ, ಸುಮ್ನೆ ಅಡಗಿದೆ. ಆ ಬೂದು ಮರಿಗಳು ತಮ್ಮತಮ್ಮಲ್ಲೇ ಕೂಡಿದರೆ ಸುಮಾರು ನಾಲ್ಕರಲ್ಲಿ ಒಂದು ಮತ್ತೆ ಅಲ್ಬಿನೊ. ಬೂದು ಮೈಗೆ ಇದೇ ಮುಖ್ಯ ಕಾರಣ ಅಂತ ನನ್ನ ಲೆಕ್ಕ. ಇನ್ನು ಬಾಲ. ಉದ್ದ ಬಾಲದ ಗಂಡನ್ನೇ ಆರಿಸಿ ಕೂಡಿಸುತ್ತಿದ್ದ ಬ್ರೀಡರ್ ಈಗಿಲ್ಲ. ಬಾಲ ಭಾರವಾದವನು ನಿಧಾನ ಈಜುತ್ತಾನೆ, ಚುರುಕಾದವನು ಹೆಣ್ಣಿನ ಹತ್ತಿರ ಮೊದಲು ಹೋಗುತ್ತಾನೆ, ಇಲ್ಲಿ ಸ್ವಲ್ಪ ಆಯ್ಕೆ ಇರಬಹುದು. ಟ್ಯಾಂಕ್ ಗಿಜಿಗುಡುತ್ತಿದ್ದರೂ ಮೀನು ಸಣ್ಣಗಾಗುತ್ತದೆ, ಅದು ವಿಕಾಸವಲ್ಲ. ಜೊತೆಗೆ, ನಾಲ್ಕೈದು ಜೋಡಿಯಿಂದ ಶುರುವಾದ ಗುಂಪಿನಲ್ಲಿ ಬರೀ ಅದೃಷ್ಟದಿಂದಲೂ ಒಂದು ಗುಣ ಮಾಯವಾಗಬಹುದು.

ಜಗಳ ತೀರಿಸಿಕೊಳ್ಳಲೇಬೇಕು ಅಂದರೆ ಒಂದು ಟ್ಯಾಂಕ್ ಸಾಲದು. ಒಂದೇ ಮೂಲದ ಮೀನುಗಳನ್ನು ಹಲವು ಟ್ಯಾಂಕಿಗೆ ಹಂಚಿ, ಒಂದೇ ಊಟ, ಒಂದೇ ಬಿಸಿ ಕೊಡಿ, ಎಲ್ಲದರಲ್ಲೂ ಮೀನಿನ ಸಂಖ್ಯೆ ಸಮವಾಗಿರಲಿ. ಗಪ್ಪಿಯ ಒಂದು ಪೀಳಿಗೆಗೆ ಮೂರ್ನಾಲ್ಕು ತಿಂಗಳು ಸಾಕು. ಎಲ್ಲ ಟ್ಯಾಂಕಿನಲ್ಲೂ ಬಾಲ ಪೀಳಿಗೆಯಿಂದ ಪೀಳಿಗೆಗೆ ಚಿಕ್ಕದಾಗುತ್ತ ಹೋದರೆ ಆಯ್ಕೆಯೇ ಕಾರಣವಿರಬಹುದು. ಒಂದೊಂದು ಒಂದೊಂದು ದಾರಿ ಹಿಡಿದರೆ ಅದು ಅದೃಷ್ಟದ ಆಟ. ಮತ್ತೆ, ಹೆಣ್ಣುಗಳನ್ನು ಎಳೆಯದರಲ್ಲೇ ಬೇರೆ ಮಾಡಿರಬೇಕು. ಗಪ್ಪಿ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾಪಾಡಿಕೊಳ್ಳುತ್ತದೆ, ಅಂಗಡಿಯಿಂದ ತಂದದ್ದರ ಮರಿಗಳಿಗೆ ಅಪ್ಪ ಯಾರು ಅಂತ ನಿಮಗೆ ಗೊತ್ತೇ ಆಗುವುದಿಲ್ಲ.