ವಯಸ್ಸಾದವರ ಕಾಲಿನ ಬಲವನ್ನು ಮನೆಯಲ್ಲೇ ನೋಡುವುದು ಹೇಗೆ?

ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಸುಮಾರು 43 ಸೆಂ.ಮೀ. ಎತ್ತರದ, ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ (ಪ್ಲಾಸ್ಟಿಕ್‌ನದು ಬೇಡ, ಜಾರುತ್ತದೆ). ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯವಿದೆ ಎನ್ನುತ್ತದೆ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವೈದ್ಯರಿಗೆ ತೋರಿಸಿ.

ಕೈ ಕಟ್ಟುವುದರಲ್ಲೇ ಗುಟ್ಟಿರುವುದು. ತೊಡೆಯ ಸ್ನಾಯು ಸೋತಾಗ ನಾವು ಗೊತ್ತಿಲ್ಲದೆಯೇ ಮಂಡಿಗೆ ಕೈಯೂರಿ, "ಅಯ್ಯಪ್ಪಾ" ಅಂತ ಏಳುತ್ತೇವೆ, ಕೊರತೆ ಮುಚ್ಚಿಹೋಗುತ್ತದೆ. ಮೆಟ್ಟಿಲು ಹತ್ತಲು, ಎಡವಿದಾಗ ಸಾವರಿಸಿಕೊಳ್ಳಲು ಬೇಕಾದದ್ದೂ ಅದೇ ಸ್ನಾಯು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ತಲೆಸುತ್ತು, ಎದೆನೋವು ಬಂದರೆ ಅಲ್ಲಿಗೇ ನಿಲ್ಲಿಸಿ.