ಫಿಶ್ ಬರ್ಗರ್‌ನ ಹೊರಪದರ ಕಳಚುವುದೇಕೆ?

ಮನೆಯಲ್ಲಿ ಫಿಶ್ ಬರ್ಗರ್ ಮಾಡಿದರೆ ಬಾಸಾ ಮೀನಿನ ಹೊರಪದರ ಕಳಚುತ್ತದೆ, ಬನ್ ಕೂಡ ಮೆಕ್‌ಡೊನಾಲ್ಡ್ಸ್‌ನ ಮೀನಿನ ಬರ್ಗರ್ ಫಿಲೆ-ಒ-ಫಿಶ್‌ನಷ್ಟು ಮೆತ್ತಗಾಗುವುದಿಲ್ಲ ಅಂದಿರಿ. ಬನ್ ಸುಲಭ: ಅವರು ಅದನ್ನು ಸುಡುವುದಿಲ್ಲ, ಹಬೆಯಲ್ಲಿ ಇಡುತ್ತಾರೆ. ಇಡ್ಲಿ ಪಾತ್ರೆಯಲ್ಲಿ 30 ಸೆಕೆಂಡು ಸಾಕು, ಹೆಚ್ಚಾದರೆ ಮುದ್ದೆಯಾಗುತ್ತದೆ.

ಪದರ ಕಳಚುವುದು ನೀರಿನಿಂದ. ಅಮೆರಿಕದಲ್ಲಿ ಅವರು ಬಳಸುವುದು ಅಲಾಸ್ಕಾ ಪೊಲಾಕ್ ಎಂಬ ಸಮುದ್ರ ಮೀನು. ನಿಮ್ಮದು ಫ್ರೀಜರಿನ ಬಾಸಾ, ಅದು ಬಹಳ ನೀರು ಬಿಡುತ್ತದೆ. ಪೂರ್ತಿ ಕರಗಿಸಿ, ಉಪ್ಪು ಸವರಿ 15 ನಿಮಿಷ ಬಿಟ್ಟು, ಬಟ್ಟೆಯಿಂದ ಒತ್ತಿ ಒರೆಸಿ. ಆಮೇಲೆ ಮೈದಾ, ಮೊಟ್ಟೆ, ಬ್ರೆಡ್ ಪುಡಿ, ಇದೇ ಕ್ರಮದಲ್ಲಿ. ಮೈದಾ ಬಿಟ್ಟರೆ ಒದ್ದೆ ಮೀನಿಗೆ ಮೊಟ್ಟೆ ಹಿಡಿಯುವುದೇ ಇಲ್ಲ. ಫ್ರಿಜ್ಜಿನಲ್ಲಿ 20 ನಿಮಿಷ ಇಟ್ಟು, 180 ಡಿಗ್ರಿ ಎಣ್ಣೆಯಲ್ಲಿ ಸುಮಾರು 4 ನಿಮಿಷ ಕರಿಯಿರಿ.

ಚೀಸ್ ದಯವಿಟ್ಟು ಅರ್ಧ ಹೋಳು ಮಾತ್ರ. ಅಮೆರಿಕದಲ್ಲಿ ಅವರೂ ಹಾಕುವುದು ಅಷ್ಟೇ. ಇಡೀ ಹೋಳು ಮೀನಿನ ರುಚಿಯನ್ನೇ ಮುಚ್ಚಿಬಿಡುತ್ತದೆ.