ಹತ್ತನೇ ಕ್ಲಾಸ್ ಆದಮೇಲೆ ಮಗ ಮನೆಯಲ್ಲೇ ಕೂರಬೇಕಾ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಬುದ್ಧಿ ಬೆಳವಣಿಗೆ ನಿಧಾನ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್‌ನಲ್ಲಿ 60% ಅಂಗವೈಕಲ್ಯ ಅಂತ ಬರೆದಿದ್ದಾರೆ. ಊರಿನ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸ್. ಓದು ಬರಹ ಅಷ್ಟಕ್ಕಷ್ಟೇ, ಆದರೆ ಹಸು ಅಂದ್ರೆ ಪ್ರಾಣ. ಹತ್ತನೇ ಕ್ಲಾಸ್ ಮುಗಿದ ಮೇಲೆ ಏನು? ಕೋಟಾದಲ್ಲಿ ಸರ್ಕಾರಿ ಕೆಲಸ ಸಿಗುತ್ತೆ ಅಂತಾರೆ, ನಿಜವಾ?
– ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ಕೋಟಾದ ಮಾತು ಮೊದಲು ಮುಗಿಸಿಬಿಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ ಕನಿಷ್ಠ 4% ಮೀಸಲು ಇದೆ. ಅದರಲ್ಲಿ 1% ಮಾತ್ರ ನಿಮ್ಮ ಮಗನಂಥವರ ಪಾಲಿನದು. ಅದನ್ನೂ ಆಟಿಸಂ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಇರುವವರ ಜೊತೆ ಹಂಚಿಕೊಳ್ಳಬೇಕು. ಹುದ್ದೆಗೆ ಕೇಳಿದಷ್ಟು ಓದೂ ಆಗಿರಬೇಕು. ಅರ್ಜಿ ಕರೆದಾಗ ಹಾಕಿ, ತಪ್ಪೇನಿಲ್ಲ. ಅದನ್ನೇ ನಂಬಿ ಕೂರಬೇಡಿ ಅಷ್ಟೇ.

ಅದೇ ಕಾಯ್ದೆ ಅವನಿಗೆ 18 ತುಂಬುವವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಎಸ್ಸೆಸ್ಸೆಲ್ಸಿ ಕಷ್ಟ ಅನ್ನಿಸಿದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್ ಇದೆ. ಅಲ್ಲಿ ಒಂದೊಂದೇ ವಿಷಯ ಕಟ್ಟಿ ಪಾಸಾಗಬಹುದು. ಅಂದರೆ ನಿಮ್ಮ ಕೈಯಲ್ಲಿ ಇನ್ನೂ ಮೂರು ವರ್ಷ ಇದೆ. ಅಷ್ಟೂ ದಿನ ಬರೀ ಮಾರ್ಕ್ಸ್ ಹಿಂದೆ ಓಡಬೇಡಿ.

ನಮ್ಮಲ್ಲಿ ತರಬೇತಿ ಪಡೆದ ಒಬ್ಬ ಹುಡುಗ ಹೋಟೆಲ್ ಕೆಲಸಕ್ಕೆ ಸೇರಿದ. ತಟ್ಟೆ ಒರೆಸಿ ಜೋಡಿಸೋದು ಅವನ ಕೆಲಸ. ಕೈ ಬಹಳ ಚುರುಕು. ಆದರೂ ಎರಡೇ ವಾರಕ್ಕೆ 'ಹುಡುಗ ಸೋಮಾರಿ, ಕರ್ಕೊಂಡು ಹೋಗಿ' ಅಂತ ಫೋನ್ ಬಂತು. ಹೋಗಿ ನೋಡಿದರೆ ತೊಂದರೆ ಇದ್ದದ್ದು ಊಟದ ಹೊತ್ತಿನಲ್ಲಿ. ಊಟ ಮುಗಿಸಿ ಹಿತ್ತಲಲ್ಲಿ ಕೂತರೆ, ಯಾವಾಗ ಏಳಬೇಕು ಅನ್ನೋದು ಅವನಿಗೆ ಗೊತ್ತಾಗ್ತಿರಲಿಲ್ಲ. ಯಾರೂ ಕರೀತಿರಲಿಲ್ಲ, ಇವನು ಏಳ್ತಿರಲಿಲ್ಲ. ಫೋನಿನಲ್ಲಿ ಎರಡೂವರೆಗೆ ಅಲಾರಂ ಇಟ್ಟುಕೊಟ್ಟೆವು. ಅಲ್ಲಿಗೆ ದೂರು ನಿಂತಿತು. ಈ ಮಕ್ಕಳ ಕೈಯಿಂದ ಕೆಲಸ ಜಾರೋದು ಹೆಚ್ಚಾಗಿ ಇಂಥ ಕಡೆಯೇ. ಟೈಮ್, ಬಸ್ಸು, ದುಡ್ಡು, 'ನಂಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ' ಅಂತ ಕೇಳೋ ಧೈರ್ಯ – ಇವು ಶಾಲೆಯ ಯಾವ ಪರೀಕ್ಷೆಗೂ ಬರೋದಿಲ್ಲ.

ನಿಮ್ಮ ಮಗನಿಗೆ ಹಸು ಇಷ್ಟ ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡಿ. ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕೋ ಕೆಲಸ ಅವನಿಗೆ ಕೊಡಿ. ಮೊದಲ ವಾರ ನೀವೂ ಜೊತೆಗೆ ಹೋಗಿ. ಎರಡನೇ ವಾರ ಡೇರಿ ಬಾಗಿಲಲ್ಲೇ ನಿಲ್ಲಿ. ಆಮೇಲೆ ಮನೆ ಗೇಟಿನಿಂದಲೇ ಕಳಿಸಿ. ಹೊತ್ತಿಗೆ ಹೋಗೋದು, ಸಾಲಲ್ಲಿ ನಿಲ್ಲೋದು, ಎಷ್ಟು ಲೀಟರ್ ಆಯ್ತು ಅಂತ ಚೀಟಿ ನೋಡೋದು, ಅದನ್ನು ಜೋಪಾನವಾಗಿ ತರೋದು, ಇಷ್ಟೂ ಒಂದೇ ಕೆಲಸದಲ್ಲಿ ಸಿಗುತ್ತೆ. ಹಾಲು ಚೆಲ್ಲಿದರೆ ಬೈಯಬೇಡಿ, ಒಂದೆರಡು ಸಲ ಚೆಲ್ಲೇ ಚೆಲ್ತಾನೆ. ಬಟವಾಡೆ ಬಂದ ದಿನ ಅವನ ಪಾಲು ಅಂತ ನೂರೋ ಇನ್ನೂರೋ ಕೈಗೆ ಕೊಟ್ಟು ಅಂಗಡಿಗೆ ಕಳಿಸಿ. ದುಡಿದದ್ದಕ್ಕೆ ದುಡ್ಡು ಬರುತ್ತೆ ಅನ್ನೋದು ಅವನಿಗೆ ಮನೆಯಲ್ಲೇ ಗೊತ್ತಾಗಲಿ. ಇಲ್ಲದಿದ್ದರೆ ನಾಳೆ ಯಾರೋ ಬರೀ ಕಾಫಿ ತಿಂಡಿ ಕೊಟ್ಟು ದುಡಿಸಿಕೊಳ್ತಾರೆ.

ತರಬೇತಿಗೆ ಸೇರಿಸುವಾಗಲೂ ಹುಷಾರು. ಎಲ್ಲ ಮಕ್ಕಳನ್ನೂ ಮೇಣದಬತ್ತಿ, ಪೇಪರ್ ಕವರ್‌ಗೆ ಕೂರಿಸೋ ಕಡೆ ನನಗೆ ಅಷ್ಟು ನಂಬಿಕೆ ಇಲ್ಲ. ಆ ಮೇಣದಬತ್ತಿ ಕೊಳ್ಳೋರು ಯಾರು ಅಂತ ಕೇಳಿ ನೋಡಿ. ಬೆಂಗಳೂರಿನ ಎಪಿಡಿ ಸಂಸ್ಥೆ 1959ರಿಂದ ಅಂಗವಿಕಲರ ಜೊತೆ ಕೆಲಸ ಮಾಡ್ತಿದೆ, ಅಲ್ಲಿ ತೋಟಗಾರಿಕೆ ಕಲಿಸ್ತಾರೆ. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಶುರುವಾದ ಮಿಟ್ಟಿ ಕೆಫೆಯನ್ನು ನಡೆಸೋರು ಅಂಗವಿಕಲರೇ. ಅದರ ಒಂದು ಶಾಖೆ ಈಗ ಸುಪ್ರೀಂ ಕೋರ್ಟ್ ಆವರಣದಲ್ಲೂ ಇದೆ. ನಿಮಗೆ ಹತ್ತಿರದಲ್ಲಿ ಏನಿದೆ ಅಂತ ತಿಳಿಯಲು ಗ್ರಾಮ ಪಂಚಾಯ್ತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಅವರನ್ನು ಕೇಳಿ. ತಾಲ್ಲೂಕು ಪಂಚಾಯ್ತಿಯಲ್ಲಿ ಅದೇ ಕೆಲಸಕ್ಕೆ ಎಂಆರ್‌ಡಬ್ಲ್ಯೂ ಇರ್ತಾರೆ.

ಪ್ರಶ್ನೆ: ಮಗಳಿಗೆ ಮುಂದಿನ ತಿಂಗಳು 18 ತುಂಬುತ್ತೆ. ಅವಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗೋದಿಲ್ಲ), ಆದರೆ ಬುದ್ಧಿ ಚುರುಕಾಗಿದೆ. ಬ್ಯಾಂಕಿನವರು ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ ಅಂತಿದ್ದಾರೆ. ಎಲ್ಲಿ ಸಿಗುತ್ತೆ?
– ಒಬ್ಬ ತಂದೆ, ದಾವಣಗೆರೆ

ಉತ್ತರ: 18 ಆದಮೇಲೆ ಅಪ್ಪ ಅಮ್ಮ ತಾವಾಗಿಯೇ ಗಾರ್ಡಿಯನ್ ಆಗಿ ಮುಂದುವರಿಯೋದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ತೊಂದರೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಪಾಲಕರನ್ನು ನೇಮಿಸಬಹುದು. ಅರ್ಜಿ ಹಾಕಬೇಕಾದ್ದು ಡಿಸಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ.

ಆದರೆ ಒಂದು ನಿಮಿಷ. ನಿಮ್ಮ ಮಗಳಿಗೆ ಗಾರ್ಡಿಯನ್ ಯಾಕೆ ಬೇಕು? ಬುದ್ಧಿ ಚುರುಕಾಗಿದೆ ಅಂತ ನೀವೇ ಬರೆದಿದ್ದೀರಿ. ಕೈ ನಡುಗಿ ಸಹಿ ಒಂದೇ ಥರ ಬರದಿದ್ದರೆ ಹೆಬ್ಬೆಟ್ಟು ಒತ್ತಬಹುದು. ಅವಳ ಖಾತೆ ಅವಳದೇ. ಬ್ಯಾಂಕಿನವರು ಅವಳನ್ನು ಬಿಟ್ಟು ನಿಮ್ಮ ಜೊತೆ ಮಾತಾಡಿದ್ದಾರೆ ಅನ್ನಿಸುತ್ತೆ. ಮುಂದಿನ ಸಲ ಅವಳನ್ನೇ ಕೌಂಟರಿಗೆ ಕರ್ಕೊಂಡು ಹೋಗಿ. ಮಾತು ನಿಧಾನವಾದರೂ ಅವಳೇ ಆಡಲಿ. ನೀವು ಹಿಂದಿನ ಬೆಂಚಿನಲ್ಲಿ ಕೂತಿರಿ.